ಸಿಂಹದ ಮನೆಯ ಹಗ್ಗ

ಇದು ನಡೆದದ್ದೇ. ಇದರಲ್ಲಿ ಸುಳ್ಳಿದ್ದರೆ ನಾಳೆಯಿಂದ ನನ್ನ ಜೋಳದ ಮುದ್ದೆಗೆ ಬೆಂಡೆ ಸಾರು ಸಿಗದಿರಲಿ.

ನಮ್ಮ ಹೌಸಾ ಸೀಮೆಯ ಒಂದು ಮೃಗಾಲಯದಲ್ಲಿ ತಾನಿಮು ಎಂಬ ಪ್ರಾಣಿಪಾಲಕ. ಗಿಂಬಿಯಾ ಎಂಬ ಸಿಂಹಿಣಿಗೆ ಹತ್ತು ವರ್ಷ ಮಾಂಸ ಹಾಕಿದವನು. ಅವಳು ಒಮ್ಮೆ ಆಕಳಿಸಿದರೆ ಪೇಟೆಯ ಕಟುಕರೆಲ್ಲ ಅಂಗಡಿ ಮುಚ್ಚಿಕೊಂಡು ಓಡುತ್ತಿದ್ದರು. ಹಳೆಯ ಮನೆಗೆ ಎರಡು ಕೋಣೆ, ನಡುವೆ ಕಬ್ಬಿಣದ ಬಾಗಿಲು. ಹಿಂದಿನ ಓಣಿಯಲ್ಲಿ ನಿಂತು ಹಗ್ಗ ಎಳೆದರೆ ಬಾಗಿಲು ಮೇಲೇಳುತ್ತಿತ್ತು. ಆಚೆ ಕೋಣೆಗೆ ಕಿಂಡಿಯಿಂದ ಮಾಂಸ ಎಸೆದು, ಅವಳು ಅತ್ತ ಹೋದ ಮೇಲೆ ಹಗ್ಗ ಬಿಟ್ಟು ಬಾಗಿಲು ಇಳಿಸಿ, ಈ ಕೋಣೆ ತೊಳೆಯುವುದು. ಇಷ್ಟೇ ಕೆಲಸ. ಆ ಹಗ್ಗದಲ್ಲಿ ಆರು ಪಾಲಕರ ಜೀವವಿತ್ತು.

ಮೃಗಾಲಯದ ಸಾಹೇಬ ಅಲ್ಹಾಜಿ ಹಬುಗೆ ಹಗ್ಗ ಕಂಡರೆ ಅಸಹ್ಯ. ಬೆಳಗ್ಗೆ ಪಾಲಕರು ಕುಕ್ಕರಗಾಲಲ್ಲಿ ಕೂತು, ಮುಷ್ಟಿ ಎತ್ತಿ, “ಧಣಿ, ಆಯಸ್ಸು ಗಟ್ಟಿಯಾಗಿರ್ಲಿ!” ಅಂದರೆ ಮಾತ್ರ ಅವನ ಹೊಟ್ಟೆ ತುಂಬುವುದು. ಅವನು ಕರೆಸಿದ ಎಂಜಿನಿಯರು ಮರದ ನೆರಳಲ್ಲಿ ಕೂತು ಒಣಮಾಂಸ ಜಗಿಯುತ್ತ, ಸಿಂಹಕ್ಕೆ ಬೆನ್ನು ಹಾಕಿಯೇ ನಕ್ಷೆ ಬರೆದ.

ಹೊಸ ಮನೆ ಎದ್ದಿತು. ಮುಂದೆ ಗಾಜು. ಒಳಗೆ ಗಿಂಬಿಯಾಗೆ ಕೊಳ. ಹಿಂದಿನ ಓಣಿ ಇದ್ದಲ್ಲಿ ದೊಡ್ಡವರಿಗೆ ಸೋಫಾ, ತಂಪು ಗಾಳಿ. ಹಗ್ಗವೂ ಇಲ್ಲ, ಕಿಂಡಿಯೂ ಇಲ್ಲ, ನಡುಬಾಗಿಲಿಗೆ ಕರೆಂಟು. ಗೋಡೆಗೆ ಕಲ್ಲಿನ ಫಲಕ: ‘ನೋಡುಗರಿಗೆ, ಪಾಲಕರಿಗೆ, ಪ್ರಾಣಿಗಳಿಗೆ.’

“ಧಣಿ, ಕರೆಂಟು ಹೋದ್ರೆ?” ಅಂದ ತಾನಿಮು.

“ಜನರೇಟರ್ ಇದೆಯಲ್ಲೋ ದಡ್ಡ!”

ಇತ್ತು. ಸೋಫಾ ಕೋಣೆಗೆ.

ಉದ್ಘಾಟನೆಗೆ ವಾರವಿತ್ತು. ಲಾವನ್ ಎಂಬ ಪಾಲಕ ಒಳಗೆ ತೊಳೆಯುತ್ತಿದ್ದ. ಕರೆಂಟು ಹೋಗಿ ಬಂತು, ನಡುಬಾಗಿಲು ತಾನಾಗಿ ಮೇಲೆದ್ದಿತು. ಲಾವನ್ ಹೊರಬಂದ, ಬಲಗೈ ಬರಲಿಲ್ಲ. ‘ಪಾಲಕನ ಅಜಾಗರೂಕತೆ’ ಎಂದು ಆಫೀಸು ಬರೆದುಕೊಂಡಿತು.

ಉದ್ಘಾಟನೆಯ ದಿನ ಸಿಂಹ ತಿನ್ನುವುದನ್ನು ನೋಡಲು ಮಂತ್ರಿ ಬಂದು ಸೋಫಾದಲ್ಲಿ ಕೂತರು. ಕರೆಂಟು ಹೋಯಿತು. ನಡುಬಾಗಿಲು ಅರ್ಧದಲ್ಲೇ ಕಚ್ಚಿಕೊಂಡಿತು. ಎರಡು ಕೋಣೆಯೂ ಗಿಂಬಿಯಾಳದೇ.

“ಏ ತಾನಿಮು, ಮಾಂಸ ತಗೊಂಡು ಒಳಗೆ ಹೋಗು!” ಅಂದ ಅಲ್ಹಾಜಿ.

“ಅವಳು ಬಾಗ್ಲಲ್ಲೇ ನಿಂತವ್ಳೆ, ಧಣಿ.”

“ಹತ್ತು ವರ್ಷದಿಂದ ನಿನ್ನ ಗುರ್ತು ಇಲ್ವೇನೋ?”

“ಗುರ್ತು ಐತೆ. ಲಾವನ್ ಗುರ್ತೂ ಇತ್ತು. ರುಚೀನೂ ಗೊತ್ತಾಯ್ತು.”

“ಹೋಗ್ದಿದ್ರೆ ಇವತ್ತೇ ಕೆಲಸ ಬಿಡು!”

ತಾನಿಮುವಿನ ಮನೆಯಲ್ಲಿ ಏಳು ಬಾಯಿ. ಬಕೆಟ್ಟು ಎತ್ತಿದ. ಸಿಂಹದ ಮನೆಯ ಹೊರಬಾಗಿಲವರೆಗೆ ಹೋದ. ಅಲ್ಲಿ ಲಾವನ್ ಅಂಗಿಯ ಖಾಲಿ ತೋಳು ಇಳಿಬಿಟ್ಟು ನಿಂತಿದ್ದ. “ಅಣ್ಣಾ, ನನ್ ಕೈ ಸಿಕ್ರೆ ತಗೊಂಡ್ ಬಾ,” ಅಂದ.

ತಾನಿಮು ಹಿಂದಿರುಗಿದ. ಬಕೆಟ್ಟನ್ನು ಅಲ್ಹಾಜಿಯ ಮಿರಿಮಿರಿ ಚಪ್ಪಲಿಯ ಮುಂದಿಟ್ಟ. ಬೀಗದ ಕೈ ಅವನ ಅಂಗೈಗೆ ಹಾಕಿದ.

“ನಮ್ಗೆ ಓದು ಬರಲ್ಲ ಧಣಿ. ಕಲ್ಲಲ್ಲಿ ಪಾಲಕರಿಗೆ ಅಂತ ಬರ್ಸಿದೀರಂತಲ್ಲ, ಆ ಜಾಗ ಎಲ್ಲೈತೆ? ಒಳಗೋಗಿ ಒಂದ್ಸಲ ತೋರ್ಸಿ.”

ಅಲ್ಹಾಜಿಯ ಬೆವರಿಗೆ ಸಿಂಹದ ಕೊಳ ಎರಡು ಬೆರಳು ಏರಿತು. ಆರೂ ಪಾಲಕರು ಕುಕ್ಕರಗಾಲಲ್ಲಿ ಕೂತರು. ಐದು ಬಲಮುಷ್ಟಿ, ಲಾವನ್‌ನದು ಎಡಮುಷ್ಟಿ.

“ಧಣಿ, ಆಯಸ್ಸು ಗಟ್ಟಿಯಾಗಿರ್ಲಿ!”

ಗಾಜಿನಾಚೆ ಗಿಂಬಿಯಾ ಆಕಳಿಸಿದಳು. ಎಲ್ಲರಿಗಿಂತ ಮೊದಲು ಮಂತ್ರಿಗಳ ಕಾರು ಹೊರಟಿತು.

ಹಗ್ಗ ಬರುವವರೆಗೆ ಪಾಲಕರು ಏಳಲಿಲ್ಲ. ಸಂಜೆಯೊಳಗೆ ಸೋಫಾ ಬೀದಿಗೆ ಬಿತ್ತು, ಗೋಡೆ ಒಡೆಯಿತು, ಓಣಿ, ಕಿಂಡಿ, ಹಗ್ಗ ಎಲ್ಲ ಬಂದವು. ಕೆಲಸವೂ ಉಳಿಯಿತು. ಲಾವನ್‌ಗೆ ಮಾತ್ರ ಏನೂ ಬರಲಿಲ್ಲ. ಮರುವಾರ ಆ ಕಲ್ಲಿಗೆ ಹೊಸ ಸಾಲು ಸೇರಿತು: ‘ಹಗ್ಗದ ಬಾಗಿಲ ವಿನ್ಯಾಸ: ಅಲ್ಹಾಜಿ ಹಬು.’

ನಮಗೆ ಅಕ್ಷರ ಬರುವುದಿಲ್ಲ. ಕೇಳುತ್ತ ಕೂತ ನಿಮಗೆ ಬರುತ್ತದಲ್ಲ? ಈ ಕಡೆ ಬಂದಾಗ ಒಂದು ಉಳಿ, ಒಂದು ಸುತ್ತಿಗೆ ಹಿಡಿದು ಬನ್ನಿ. ಲಾವನ್ ಅಂತ ಕೆತ್ತುವುದಕ್ಕೆ ಮೂರೇ ಅಕ್ಷರ ಸಾಕಂತೆ.