ಹೆಂಚಿನ ಚೂರಿನ ಹೆಪ್ಪು

"ನೀರ್ಗೂ ಉಸಿರು ಕಟ್ತದಾ?"

ಹಿತ್ತಲಿನ ಮೀನಿನ ತೊಟ್ಟಿಯ ಮುಂದೆ ನಿಂತು ಮರಿತಾಯಮ್ಮ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಅಷ್ಟು ಹೊತ್ತಾರೆ ಹೆಮ್ಮಿಗೆಯ ಆ ಹಿತ್ತಲಲ್ಲಿ ಅವಳನ್ನು ಬಿಟ್ಟರೆ ಒಂದು ನುಗ್ಗೆ ಮರ, ಒಂದು ರಸಬಾಳೆ ಗಿಡ, ಮತ್ತೆ ಆ ತೊಟ್ಟಿ. ತೊಟ್ಟಿಯ ನೀರು ಕದಡಿ ಹಸಿರಾಗಿತ್ತು. ಗೆಂಡೆ ಮೀನಿನ ಮರಿಗಳು ಮೇಲೆ ತೇಲಿ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಮೂಗಿಗೆ ಸೆರಗು ಹಿಡಿಯದೆ ನಿಲ್ಲುವ ಹಾಗಿರಲಿಲ್ಲ.

ಮರಿತಾಯಮ್ಮನಿಗೆ ನೀರೆಂದರೆ ಗಂಗಮ್ಮ. ಬೆಳಿಗ್ಗೆ ಮೊದಲ ಚೊಂಬು ನೀರನ್ನು ಕಣ್ಣಿಗೊತ್ತಿಕೊಂಡ ಮೇಲೆಯೇ ಮುಖ ತೊಳೆಯುವವಳು. ಸೋಮವಾರ ನಂಜನಗೂಡಿಗೆ ಹೋದರೆ ನಂಜುಂಡಪ್ಪನಿಗೆ ಕೈಮುಗಿದು, ಕಪಿಲೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಎರಚಿ ಬರುವವಳು. ಅಂಥವಳ ಮನೆಯ ಹಿತ್ತಲಲ್ಲಿ ನೀರು ನಾರುವುದೆಂದರೆ ಅವಳ ಮೈಯೇ ನಾರಿದಂತೆ.

ತೊಟ್ಟಿ ಸೊಸೆ ಚೈತ್ರಳದು. ಮೀನು ಸಾಕಿದ ನೀರಿನಲ್ಲೇ ಸೊಪ್ಪು ಬೆಳೆಯುವುದನ್ನು ಅವಳು ಸ್ವಸಹಾಯ ಸಂಘದ ತರಬೇತಿಯಲ್ಲಿ ಕಲಿತು ಬಂದಿದ್ದಳು. ಮೀನಿನ ಕಸ ಸೊಪ್ಪಿಗೆ ಗೊಬ್ಬರ, ಸೊಪ್ಪು ಕುಡಿದು ಬಿಟ್ಟ ನೀರು ಮತ್ತೆ ಮೀನಿಗೆ. ಹೀಗೆ ಒಂದೇ ನೀರು ಸುತ್ತುತ್ತಲೇ ಇರುತ್ತದೆ. ಅಕ್ವಾಪೋನಿಕ್ಸ್ ಅಂತ ಅದಕ್ಕೆ ಹೆಸರು. ಹೆಸರಿಗೆ ನಾಲಿಗೆ ತೊಡರಿದರೂ ಕೆಲಸ ತೊಡಕಿನದಲ್ಲ ಎಂದು ಧೈರ್ಯ ಮಾಡಿ, ತೊಟ್ಟಿಯ ಪಕ್ಕ ಜಲ್ಲಿ ತುಂಬಿದ ದೋಣಿಯಲ್ಲಿ ದಂಟು, ಪುದೀನ ನೆಟ್ಟಿದ್ದಳು. ಈ ಮನೆಗೆ ಬಂದ ಮೇಲೆ ಅವಳು ತನ್ನದೆಂದು ಕೈಯಾರೆ ಎಬ್ಬಿಸಿ ನಿಲ್ಲಿಸಿದ್ದು ಅದೊಂದೇ.

ಅದೇ ಈಗ ನಾರುತ್ತಿತ್ತು. ಪಕ್ಕದ ಮನೆಯ ಶಿವಣ್ಣ ಬೇಲಿಯ ಮೇಲಿಂದ ಕತ್ತು ಚಾಚಿ, "ಏನ್ ಮರಿತಾಯಕ್ಕ, ಎಲ್ರೂ ಅಸ ಸಾಕುದ್ರೆ ನಿನ್ ಸೊಸೆ ಚರಂಡಿ ಸಾಕ್ತಾವಳಲ್ಲ" ಅಂದ. ಮರಿತಾಯಮ್ಮ ಬೇಲಿಗೆ ಬೆನ್ನು ತಿರುಗಿಸಿದಳು. ಒಳಗೆ ಹೋಗಿ ಸೊಸೆಗೆ ಹೇಳಿದಳು.

"ನೋಡವ್ವ, ಮಾರ್ಲಮಿ ಅಬ್ಬಕ್ಕೆ ಇರೀಕ್ರಿಗೆ ಎಡೆ ಇಡ್ಬೇಕು. ಅಷ್ಟ್ರೊಳಗೆ ಈ ವಾಸ್ನೆ ಓದ್ರೆ ಸರಿ. ಇಲ್ದಿದ್ರೆ ತೊಟ್ಟಿ ಕಿತ್ತಾಕ್ಸ್ಬುಡ್ತೀನಿ."

ಚೈತ್ರ ತಿರುಗಿ ಮಾತಾಡುವವಳಲ್ಲ. ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ರಾಣಿಗೆ ಫೋನು ಮಾಡಿದಳು.

ರಾಣಿ ಅವಳ ತವರೂರು ಕವಲಂದೆಯ ಗೆಳತಿ. ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ, ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಅವಳ ಕೆಲಸ. ವಾರದ ರಜೆಗೆ ಬಸ್ಸು ಹತ್ತಿ ಬಂದವಳು ತೊಟ್ಟಿಗೆ ಕೈ ಅದ್ದಿ, ಕೈಯನ್ನು ಮೂಸಿ, ಪುರಿ ಹಾಕುವವರು ಯಾರು ಎಂದು ಕೇಳಿದಳು. ಮರಿತಾಯಮ್ಮ ನುಗ್ಗೆ ಮರದ ಕಡೆ ನೋಡಿದಳು. ಮೀನು ತಿಂದು ಉಳಿದದ್ದೆಲ್ಲ ನೀರಿನಲ್ಲೇ ಕೊಳೆಯುತ್ತದೆ, ಹಾಕಿದ ತಿನಿಸು ಆಗಿಂದಾಗಲೇ ಖಾಲಿಯಾಗುವಷ್ಟೇ ಹಾಕಬೇಕು ಎಂದು ರಾಣಿ ನಗುತ್ತಲೇ ತಿಳಿಸಿದಳು. ಆದರೆ ಮುಖ್ಯ ಕೊರತೆ ಬೇರೆಯದೇ ಆಗಿತ್ತು. ನೀರಿನಲ್ಲಿ ಎರಡು ಬಗೆಯ ಕೊಳೆ. ಒಂದು ಕಣ್ಣಿಗೆ ಕಾಣುವ ಕಸ. ಇನ್ನೊಂದು ಮೀನಿನ ಮೈಯಿಂದ ಹೊರಟು ನೀರಿನಲ್ಲಿ ಕರಗಿ ಕೂರುವ, ಕಣ್ಣಿಗೆ ಕಾಣದ ನಂಜು. ಚೈತ್ರಳ ತೊಟ್ಟಿಯಲ್ಲಿ ಎರಡನ್ನೂ ತಡೆಯುವವರಿರಲಿಲ್ಲ. ಸೊಪ್ಪಿನ ಬೇರೊಂದರಿಂದಲೇ ಅಷ್ಟು ಭಾರ ಹೊರಲು ಆಗುವುದಿಲ್ಲ. ನಡುವೆ ಒಂದು ಫಿಲ್ಟರ್ ಬೇಕು, ಅಂಗಡಿಯಿಂದ ತರಬೇಕಿಲ್ಲ, ಇಲ್ಲೇ ಕಟ್ಟೋಣ ಎಂದಳು ರಾಣಿ.

ಅದಕ್ಕೆ ಎರಡು ಡ್ರಮ್ಮು ಬೇಕಾಯಿತು. ಒಂದು ಮನೆಯಲ್ಲಿತ್ತು. ಇನ್ನೊಂದನ್ನು ತಾನು ದುಡಿಯುವ ಫ್ಯಾಕ್ಟರಿಯಿಂದ ತಂದುಕೊಡುತ್ತೇನೆ ಎಂದ ಚೈತ್ರಳ ಗಂಡ ಕುಮಾರ. ರಾಣಿ ಕೂಡದು ಎಂದಳು. ಕೆಮಿಕಲ್ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಅದರ ಗುಣ ಹೋಗುವುದಿಲ್ಲ, ನಾವು ತಿನ್ನುವ ಪದಾರ್ಥ ಇಟ್ಟಿದ್ದ ಡ್ರಮ್ಮೇ ಆಗಬೇಕು. ಎಲ್ಲರೂ ಯೋಚಿಸುತ್ತ ನಿಂತಾಗ ಮರಿತಾಯಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರಾಗಿಯನ್ನು ಚೀಲಕ್ಕೆ ಸುರಿದ ಸದ್ದು ಕೇಳಿತು. ಖಾಲಿ ಡ್ರಮ್ಮನ್ನು ಹಿತ್ತಲ ಬಾಗಿಲಿಗೆ ಉರುಳಿಸಿ, "ಆಗ್ನಿಲ್ಲ ಅಂದ್ರೆ ವಾಪಸ್ ಕೊಡ್ಬೇಕು" ಎಂದಳು.

ಆಮೇಲೆ ಅವಳು ಮೊರದ ತುಂಬ ಅವರೆಕಾಳು ಇಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಕಾಳು ಆರಿಸುವುದು ನೆಪ. ಕಣ್ಣೆಲ್ಲ ಸೊಸೆಯ ಕೈಯ ಮೇಲೆ.

ಚೈತ್ರ ಸಲಾಕೆ ಕಾಯಿಸಿ ಡ್ರಮ್ಮಿಗೆ ದುಂಡಗೆ ತೂತು ಮಾಡಿದಳು. ಪೈಪು ತೂರಿಸಿ, ನೀರು ಜಿನುಗದ ಹಾಗೆ ಹಳೆಯ ಸೈಕಲ್ ಟ್ಯೂಬಿನ ಬಳೆ ಕತ್ತರಿಸಿ ಬಿಗಿದಳು. ತೊಟ್ಟಿಯೊಳಗಿನ ಪುಟ್ಟ ಮೋಟಾರು ನೀರನ್ನು ಮೇಲೆತ್ತಿ ಮೊದಲ ಡ್ರಮ್ಮಿಗೆ ಬಿಡಬೇಕು. ನೀರು ಡ್ರಮ್ಮಿನ ಗೋಡೆ ಹಿಡಿದು, ಮಜ್ಜಿಗೆ ಕಡೆದಂತೆ ಸುತ್ತಬೇಕು. ಸುತ್ತಿ ಸುತ್ತಿ ಕಸ ತಳಕ್ಕೆ ಕೂರಬೇಕು. ತಿಳಿಯಾದದ್ದು ಮೇಲಿನ ಪೈಪಿನಿಂದ ಎರಡನೆಯ ಡ್ರಮ್ಮಿನ ತಳಕ್ಕೆ ಇಳಿಯಬೇಕು. ಅಲ್ಲಿ ಒಡೆದ ಹೆಂಚಿನ ಚೂರುಗಳು. ಹಳೆ ಕೊಟ್ಟಿಗೆಯ ಹೆಂಚನ್ನು ಚೈತ್ರಳೇ ಅಡಕೆ ಗಾತ್ರಕ್ಕೆ ಕುಟ್ಟಿ, ಪುಡಿ ಹೋಗುವಂತೆ ಜಾಲಿಸಿ, ಈರುಳ್ಳಿಯ ಬಲೆ ಚೀಲಗಳಲ್ಲಿ ಕಟ್ಟಿ ಇಟ್ಟಿದ್ದಳು. ನೀರು ಆ ಚೂರುಗಳ ಸಂದಿಯಲ್ಲಿ ನುಸುಳಿ ಮೇಲೇರಿ, ಸೊಪ್ಪಿನ ದೋಣಿಗೆ ಹರಿದು, ಅಲ್ಲಿಂದ ಸಣ್ಣ ಜೋಗುಳದಂಥ ಸದ್ದಿನಲ್ಲಿ ತೊಟ್ಟಿಗೆ ಬೀಳಬೇಕು. ಮೋಟಾರು ಹಾಕಿದಾಗ ಹಾಗೆಯೇ ಬಿತ್ತು.

ಮರಿತಾಯಮ್ಮನ ಕೈಯಲ್ಲಿನ ಕಾಳು ಕೈಯಲ್ಲೇ ಉಳಿಯಿತು. ಈ ಹುಡುಗಿಯ ಕೈಯಲ್ಲಿ ಇಷ್ಟೆಲ್ಲ ಇತ್ತಾ ಎಂದು ಬೆರಗಾದಳು. ಬಾಯಿಬಿಟ್ಟು ಹೇಳಿದವನು ಶಿವಣ್ಣ, ಅವನ ರೀತಿಯಲ್ಲಿ: "ಇದೇನಮ್ಮ, ಮೀನ್ಗೆ ಡಯಾಲಿಸಿಸ್ ಮಾಡ್ತಾ ಇದ್ದೀಯಾ?"

"ಊಂ ಕಣಣ್ಣ, ಅದೇ" ಎಂದಳು ರಾಣಿ. ಅವನು ನಗಲೆಂದು ಹೇಳಿದ್ದು ನಿಜವೇ ಆಗಿತ್ತು.

ಫಿಲ್ಟರ್ ಇಟ್ಟ ಮರುದಿನವೇ ನೀರು ತಿಳಿಯಾಗುವುದಿಲ್ಲ, ವಾರಗಟ್ಟಲೆ ತಾಳ್ಮೆ ಬೇಕು ಎಂದು ರಾಣಿ ಹೇಳಿಯೇ ಹೋಗಿದ್ದಳು. ಚೈತ್ರ ತಾಳಿದಳು. ದಿನಾ ಬೆಳಿಗ್ಗೆ ಮೊದಲ ಡ್ರಮ್ಮಿನ ತಳದ ನಲ್ಲಿ ತಿರುಗಿಸಿ, ಕೂತ ಕೊಳೆಯನ್ನು ರಸಬಾಳೆಯ ಬುಡಕ್ಕೆ ಬಿಟ್ಟಳು. ಶ್ರಾವಣ ಕಳೆಯಿತು. ವಾಸನೆ ಕರಗಿತು. ಮಹಾಲಯ ಅಮಾವಾಸ್ಯೆ, ಮಾರ್ಲಮಿಯ ಹೊತ್ತಿಗೆ ತೊಟ್ಟಿಯ ತಳದಲ್ಲಿ ಮೀನಿನ ನೆರಳು ಓಡಾಡುವುದು ಕಾಣುತ್ತಿತ್ತು. ಹಿರಿಯರ ಎಡೆಗೆ ಮರಿತಾಯಮ್ಮ ಬಡಿಸಿದ ದಂಟಿನ ಸೊಪ್ಪು ಅದೇ ದೋಣಿಯದು. ರಾಗಿ ಡ್ರಮ್ಮಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಮುಂದಿನ ಹಬ್ಬ ಆಯುಧಪೂಜೆ.

ಆಯುಧಪೂಜೆಗೆ ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಇಟ್ಟು, ಹೂವು ಮುಡಿಸುತ್ತೇವೆ. ದುಡಿದ ವಸ್ತುವಿಗೆ ಕೈಮುಗಿಯುವ ದಿನ ಅದು. ಚೈತ್ರ ಹೂವು, ಬೂದುಗುಂಬಳ ತರಲು ತಿ. ನರಸೀಪುರಕ್ಕೆ ಹೋಗಿದ್ದಳು. ಮರಿತಾಯಮ್ಮ ಹಿತ್ತಲಿಗೆ ಬಂದು ಯೋಚಿಸಿದಳು: ಈ ವರ್ಷ ಈ ಮನೆಯಲ್ಲಿ ಹಗಲಿರುಳು ದುಡಿದದ್ದು ಯಾವುದು? ಈ ಫಿಲ್ಟರೇ ಅಲ್ಲವೇ? ಸೊಸೆಯ ಕೈಕೆಲಸಕ್ಕೆ ತಾನೊಂದು ಪೂಜೆ ಮಾಡಬೇಕು. ಎರಡನೆಯ ಡ್ರಮ್ಮಿನ ಮುಚ್ಚಳ ತೆಗೆದಳು. ಹೆಂಚಿನ ಚೂರಿನ ಮೇಲೆಲ್ಲ ಕಂದು ಬಣ್ಣದ ಲೋಳೆ.

ಹೇಸಿಗೆಪಡಲಿಲ್ಲ. ದೇವರ ಸಾಮಾನು ಬೆಳಗುವ ಭಕ್ತಿಯಲ್ಲೇ ಕೂತು, ಚೀಲ ಬಿಚ್ಚಿ, ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ನಾರಿನಿಂದ ಉಜ್ಜಿದಳು. ನೀರು ಬದಲಿಸಿ ಬದಲಿಸಿ ಜಾಲಿಸಿದಳು. ಚಾಪೆಯ ಮೇಲೆ ಹರಡಿ ಬಿಸಿಲಿಗೆ ಒಣಗಿಸಿದಳು. ಸೊಸೆ ಬರುವ ಹೊತ್ತಿಗೆ ಚೂರುಗಳೆಲ್ಲ ಡ್ರಮ್ಮು ಸೇರಿದ್ದವು. ಡ್ರಮ್ಮಿಗೆ ವಿಭೂತಿ ಪಟ್ಟೆ, ಸೇವಂತಿಗೆ ಮಾಲೆ. ಚೈತ್ರ ನೋಡಿ, ಅತ್ತೆ ತನ್ನ ಕೆಲಸಕ್ಕೆ ಪೂಜೆ ಮಾಡಿದರಲ್ಲ ಎಂದು ಸಂತೋಷಪಟ್ಟಳು. ಮುಚ್ಚಳ ತೆಗೆದು ನೋಡಲು ಹೋಗಲಿಲ್ಲ.

ಮಾಲೆ ಬಾಡುವ ಹೊತ್ತಿಗೆ ಮೀನು ಮತ್ತೆ ಮೇಲೆ ಬಂದವು. ನೀರು ನೋಡಲು ತಿಳಿಯಾಗಿಯೇ ಇತ್ತು, ಮೀನು ಮಾತ್ರ ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಬೆಳಿಗ್ಗೆ ಕೆಲವು ಮಗ್ಗುಲಾಗಿ ತೇಲಿದವು. ಚೈತ್ರ ಅವನ್ನು ಅಂಗೈಯಲ್ಲಿ ಎತ್ತಿ ಬಾಳೆಯ ಬುಡಕ್ಕೆ ಹೂತು, ತೊಟ್ಟಿ ತೆಗೆಸಿಬಿಡೋಣ ಅತ್ತೆ, ನನ್ನ ಕೈಯಲ್ಲಿ ಆಗುವುದಿಲ್ಲ ಎಂದಳು. ಅಂದು ಕಿತ್ತು ಹಾಕಿಸುತ್ತೇನೆ ಎಂದಿದ್ದ ಬಾಯಿಗೆ ಇಂದು ಸರಿ ಎನ್ನಲು ಆಗಲಿಲ್ಲ. "ರಾಣಿ ಬರ್ಲಿ, ತಡಿ" ಎಂದಳು ಮರಿತಾಯಮ್ಮ.

ರಾಣಿ ಬಂದು ಡ್ರಮ್ಮಿನ ಮುಚ್ಚಳ ತೆಗೆದಳು. ಹೆಂಚಿನ ಚೂರುಗಳು ಹೊಸ ಹೆಂಚಿನಂತೆ ಕೆಂಪಗೆ ಹೊಳೆಯುತ್ತಿದ್ದವು.

"ಯಾರು ತೊಳ್ದದ್ದು?"

"ನಾನೇ ಕಣವ್ವ" ಎಂದಳು ಮರಿತಾಯಮ್ಮ. "ಅಬ್ಬಕ್ಕೆ ಅಂತ. ಬ್ಲೀಚಿಂಗ್ ಆಕಿ ಉಜ್ಜಿ, ಬಿಸ್ಲಿಗೆ ಒಣಗ್ಸಿ ಇಟ್ಟೆ."

ರಾಣಿ ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತಳು.

"ಅವ್ವ, ಮೊಸ್ರು ಎಂಗ್ ಮಾಡ್ತೀರಿ?"

"ಎಪ್ಪಾಕಿ ಮಾಡ್ತೀನಿ. ಅದ್ನೂ ಏಳ್ಕೊಡ್ಬೇಕಾ ನಿಂಗೆ?"

"ಎಪ್ಪಿನ ಬಟ್ಲನ್ನ ಬ್ಲೀಚಿಂಗಲ್ಲಿ ತೊಳ್ದು, ಬಿಸ್ಲಿಗಿಟ್ಟು, ಆಮೇಲೆ ಅದ್ಕೆ ಹಾಲು ಹುಯ್ದ್ರೆ?"

ಮರಿತಾಯಮ್ಮ ಡ್ರಮ್ಮಿನ ಕಡೆ ನೋಡಿದಳು. "ಆಲು ಆಲಾಗೇ ಇರ್ತದೆ. ಆಮೇಕೆ ಒಡ್ದೋಯ್ತದೆ."

"ಹೆಂಚಿನ ಮ್ಯಾಲಿದ್ದ ಲೋಳೆ ಕೊಳೆ ಅಲ್ಲ ಕಣವ್ವ. ಅದು ನೀರಿನ ಎಪ್ಪು. ಕಣ್ಣಿಗೆ ಕಾಣ್ದಿರೋ ಜೀವ ಅದ್ರಲ್ಲಿ ಒಕ್ಕಲಿದ್ವು. ಮೀನಿನ ನಂಜು ತಿಂದು, ಅದ್ನ ಸೊಪ್ಪಿಗೆ ಸಾರ ಮಾಡಿ ಕೊಡ್ತಿದ್ವು. ನಮ್ ಫ್ಯಾಕ್ಟ್ರೀಲೂ ನೀರು ತಿಳಿ ಮಾಡೋದು ಅವೇ. ನಾವು ಅವನ್ನ ಕಾಯ್ಕೊಂಡಿರ್ತೀವಿ ಅಷ್ಟೆ."

ಮರಿತಾಯಮ್ಮ ತನ್ನ ಎರಡು ಅಂಗೈಯನ್ನೂ ನೋಡಿಕೊಂಡಳು. ಎಂಥ ಚಿಕ್ಕ ಜೀವ, ಎಂಥ ದೊಡ್ಡ ದುಡಿಮೆ. ಕಾಣದೆ, ಕೇಳದೆ, ಕೂಲಿ ಬೇಡದೆ ನೀರಿನ ನಂಜುಂಡು ಕೂತಿದ್ದವು. ನಂಜುಂಡವನಿಗೆ ಸೋಮವಾರ ಸೋಮವಾರ ಕೈಮುಗಿದು ಬರುವ ತಾನು, ಮನೆಯ ಹಿತ್ತಲಲ್ಲೇ ಆ ಕೆಲಸ ಮಾಡುತ್ತಿದ್ದವನ್ನು ಉಜ್ಜಿ ಚೆಲ್ಲಿದ್ದಳು.

"ಈಗ ಎಪ್ಪಿಗೆ ಏನ್ ಮಾಡನ?" ಎಂದು ಕೇಳಿದಳು.

ಪುಣ್ಯಕ್ಕೆ ಸೊಪ್ಪಿನ ದೋಣಿಯ ಜಲ್ಲಿಯನ್ನು ಅವಳು ಮುಟ್ಟಿರಲಿಲ್ಲ. ಎಲ್ಲ ಮೀನೂ ಸಾಯದೆ ಉಳಿದದ್ದು ಅದರಿಂದಲೇ. ರಾಣಿ ಅಲ್ಲಿಂದ ಕೆಲವು ಹಿಡಿ ಲೋಳೆಗಟ್ಟಿದ ಜಲ್ಲಿ ತೆಗೆದು, ಹೆಂಚಿನ ಚೂರಿನ ನಡುವೆ ಇಡಿಸಿದಳು. ತೊಟ್ಟಿಯ ನೀರಿನಲ್ಲಿ ಮೂರರಲ್ಲೊಂದು ಪಾಲು ತೆಗೆದು ಬೋರಿನ ನೀರು ತುಂಬಿಸಿದಳು. ಕೆಲವು ದಿನ ಮೀನಿಗೆ ತಿನಿಸು ಹಾಕಬೇಡಿ, ಮೀನು ಮೇಲೆ ಬಂದಾಗಲೆಲ್ಲ ಇದೇ ರೀತಿ ನೀರು ಬದಲಿಸಿ ಎಂದಳು. ನೀರು ಹೊತ್ತವಳು ಮರಿತಾಯಮ್ಮ. ಸೊಸೆ ಬಿಂದಿಗೆಗೆ ಕೈ ಹಾಕಿದರೆ ಬಿಡಲಿಲ್ಲ.

ಹೆಪ್ಪು ಹಿಡಿಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ಮರಿತಾಯಮ್ಮ ಮುಚ್ಚಳ ತೆಗೆದು ಬೆರಳಾಡಿಸಿ, ಚೂರಿನ ಮೇಲೆ ಮತ್ತೆ ಲೋಳೆ ಕೂತದ್ದನ್ನು ಕಂಡು, ಮೊಮ್ಮಗುವಿನ ಮೊದಲ ಹಲ್ಲು ಕಂಡವಳಂತೆ ಸೊಸೆಯನ್ನು ಕೂಗಿ ಕರೆದಳು. ಈಗ ಸಂಘದಲ್ಲಿ ಯಾರೇ ಫಿಲ್ಟರ್ ಕಟ್ಟಿದರೂ ಹೆಪ್ಪಿಗೆ ಅವಳ ಬಳಿಯೇ ಬರುತ್ತಾರೆ. ಶಿವಣ್ಣನೂ ಬಂದ. ಚರಂಡಿಯ ಮಾತು ನೆನಪಿಸಿ, ಆಮೇಲೆ ಕೊಟ್ಟಳು.

ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಹಿತ್ತಲಲ್ಲೂ ತೊಟ್ಟಿ ಇಡಿ. ಇಡುವುದಾದರೆ ಫಿಲ್ಟರ್ ಇಲ್ಲದೆ ಇಡಬೇಡಿ. ಎರಡು ಡ್ರಮ್ಮು, ಒಂದಷ್ಟು ಒಡೆದ ಹೆಂಚು, ಈರುಳ್ಳಿ ಚೀಲ ಸಾಕು. ಮೊದಲ ಡ್ರಮ್ಮಿನ ಕೊಳೆಯನ್ನು ದಿನಾ ಗಿಡಕ್ಕೆ ಬಿಡಿ. ಎರಡನೆಯ ಡ್ರಮ್ಮಿನಲ್ಲಿ ನೀರು ಕಟ್ಟಿಕೊಂಡರೆ ಒಂದು ಸಲಕ್ಕೆ ಒಂದೇ ಚೀಲ ತೆಗೆದು, ತೊಟ್ಟಿಯ ನೀರನ್ನೇ ಬಕೆಟ್ಟಿಗೆ ಹಿಡಿದು ಅದರಲ್ಲಿ ಅದ್ದಿ ಅಲುಗಿಸಿ, ಹಸಿಯಾಗಿಯೇ ವಾಪಸ್ ಇಡಿ. ಸೋಪು, ಬ್ಲೀಚಿಂಗ್, ಬಿಸಿಲು ಬೇಡ. ನಲ್ಲಿಯ ನೀರಲ್ಲೂ ತೊಳೆಯಬೇಡಿ, ಅದರಲ್ಲಿ ಕ್ರಿಮಿ ಕೊಲ್ಲುವ ಔಷಧಿ ಇರುತ್ತದೆ. ಹೊಳೆಯುವುದೆಲ್ಲ ಮಡಿಯಲ್ಲ. ಹೆಪ್ಪು ಕಾಯ್ದವರ ಮನೆಯಲ್ಲಿ ಗಂಗಮ್ಮ ತಿಳಿಯಾಗಿರುತ್ತಾಳೆ.

ಈ ಮಾತು ಮರಿತಾಯಮ್ಮನಿಗೆ ಎಷ್ಟು ನಾಟಿದೆ ಎಂಬುದನ್ನು ಅವಳ ತಂಗಿ ರಾಮಮ್ಮ ಬಲ್ಲಳು. ಮರುವರ್ಷ ಆಯುಧಪೂಜೆಗೆ ಅಕ್ಕನ ಮನೆಗೆ ಬಂದಿದ್ದಳು. ಕುಡುಗೋಲು, ಮಚ್ಚು, ಒನಕೆ ಎಲ್ಲ ತೊಳೆದಿಟ್ಟು, ಸೆರಗು ಸಿಕ್ಕಿಸಿ, ತೆಂಗಿನ ನಾರು ಹಿಡಿದು ಹಿತ್ತಲಿಗೆ ಬಂದಳು. ಮರಿತಾಯಮ್ಮ ಡ್ರಮ್ಮಿನ ಹೊರಮೈಗೆ ಒದ್ದೆ ಬಟ್ಟೆ ಸವರಿ, ವಿಭೂತಿ ಎಳೆದು, ಸೇವಂತಿಗೆ ಮುಡಿಸುತ್ತಿದ್ದಳು. ರಾಮಮ್ಮ ಮುಚ್ಚಳ ಎತ್ತಿ ಒಳಗೆ ಇಣುಕಿ ಮುಖ ಕಿವುಚಿದಳು.

"ಅಕ್ಕ, ಇದೇನ್ ಇಂಗ್ ಲೋಳೆ ಇಡ್ದದೆ. ವರ್ಷಕ್ಕೊಂದ್ ಅಬ್ಬ. ಆ ಚೀಲ ಇತ್ತಗ್ ಕೊಡು, ಒಂದ್ ಗಳ್ಗೇಲಿ ಬೆಳಗಿ ಕೊಡ್ತೀನಿ."

ಮರಿತಾಯಮ್ಮ ತಂಗಿಯ ಕೈಯಿಂದ ಮುಚ್ಚಳ ತೆಗೆದುಕೊಂಡು ಡ್ರಮ್ಮಿನ ಮೇಲೆ ಬಿಗಿದು, ಅದರ ಮುಂದೆ ನಿಂತಳು.

"ಕೊಡಕಿಲ್ಲ."