ಕೆಲಸದಲ್ಲೂ, ಮನೆಯಲ್ಲೂ

"ಆಫೀಸಿಂದ ಬಂದ್ಮೇಲೂ ಕಾರಲ್ಲೇ ಕೂತಿರ್ತಿದ್ಲು," ಎಂದಳು ತಾಹಿರಾ. "ಮನೆ ಮುಂದೆ ನಿಲ್ಸಿ, ಲೈಟ್ ಆರ್ಸಿ, ಹಂಗೇ. ನಾನು ಕಿಟಕಿಯಿಂದ ನೋಡ್ತಿದ್ದೆ. ಇಳಿದು ಒಳಗೆ ಬರೋಕೂ ತ್ರಾಣ ಇಲ್ಲದ ಹಾಗೆ ಮಾಡ್ಬಿಟ್ಟಿದ್ರು ಅವಳನ್ನ."

ಪಕ್ಕದಲ್ಲಿ ಕೂತಿದ್ದ ದುಭಾಷಿ ಸಿದ್ದೇಶ್ವರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹೇಳಿಕೆ ದಾಖಲಿಸಲು ಮೂಲೆಯಲ್ಲಿ ಕೂತಿದ್ದಾಕೆ ಟೈಪ್ ಮಾಡಿಕೊಂಡಳು. ಮೇಜಿನಾಚೆಯಿದ್ದ ಕಂಪನಿಯ ವಕೀಲ, ಮೆಲುದನಿಯ ಮನುಷ್ಯ, ತಲೆಯಾಡಿಸಿದ. ಮಗಳಿಗೆ ಬೇಕಾದ್ದನ್ನು ಸರಿಯಾಗಿಯೇ ಹೇಳಿದೆ ಅನ್ನಿಸಿ ತಾಹಿರಾ ನಿದಾಳತ್ತ ನೋಡಿದಳು. ನಿದಾ ಮೇಜನ್ನು ನೋಡುತ್ತಿದ್ದಳು.

ಅದು ಕೋರ್ಟಲ್ಲ, ಅಮೆರಿಕದ ಡರ್ಹಮ್ಮಿನ ಒಂದು ವಕೀಲರ ಕಚೇರಿ. ವಿಚಾರಣೆಗೆ ಮುಂಚಿನ ಸಾಕ್ಷಿ ಹೇಳಿಕೆಯಾದರೂ ಪ್ರಮಾಣ ಮಾಡಿಸಿಯೇ ಕೂರಿಸಿದ್ದರು. ನಿದಾ ಔಷಧ ಪ್ರಯೋಗ ನಡೆಸುವ ಕಂಪನಿಯೊಂದರಲ್ಲಿದ್ದಳು. ಹೊಸದಾಗಿ ಬಂದ ಮ್ಯಾನೇಜರ್, ಹಿಜಾಬ್ ತೊಟ್ಟವಳು ಹೊರಗಿನವರ ಮೀಟಿಂಗಿಗೆ ಬೇಡ ಎಂದು ಅವಳನ್ನು ಹಿಂದೆ ಸರಿಸಿದ. ದೂರು ಕೊಟ್ಟ ಮೇಲೆ ಕೆಲಸವೇ ಹೋಯಿತು. ಕೇಸು ಹಾಕುವಾಗ ಅವಳು ಮನಸ್ಸಿಗಾದ ನೋವಿಗೂ ಪರಿಹಾರ ಕೇಳಿದ್ದಳು. ಹಾಗಿದ್ದರೆ ಮನಸ್ಸಿನ ಕಷ್ಟಕ್ಕೆಂದು ಹೋಗುತ್ತಿದ್ದ ಥೆರಪಿಸ್ಟ್ ಹತ್ತಿರ ಅವಳು ಆಡಿದ್ದೆಲ್ಲ ತಮಗೂ ತಿಳಿಯಬೇಕು ಎಂದಿತು ಕಂಪನಿ. ನಿದಾಳ ವಕೀಲೆ ರೆಬೆಕಾ ವಾದಿಸಿ ನೋಡಿದಳು, ಜಡ್ಜ್ ಒಪ್ಪಲಿಲ್ಲ. ನೋವಿನ ವಿಷಯ ಕೈಬಿಟ್ಟರೆ ಏನೂ ಕೊಡಬೇಕಿಲ್ಲ, ಇಲ್ಲದಿದ್ದರೆ ಕೊಡಬೇಕು. ಕೊಟ್ಟ ಟಿಪ್ಪಣಿಗಳನ್ನು ಕೇಸಿಗೆ ಸಂಬಂಧಪಟ್ಟವರ ಹೊರತು ಯಾರೂ ನೋಡುವಂತಿಲ್ಲ ಎಂದು ಆದೇಶವಾಯಿತು.

"ಡ್ರಾಪ್ ಮಾಡ್ಬಿಡ್ಲಾ, ಅಮ್ಮೀ?" ಎಂದು ನಿದಾ ಆಗ ಕೇಳಿದ್ದಳು.

"ಯಾಕೆ? ನಿಂಗೇನೂ ಆಗ್ಲೇ ಇಲ್ಲ ಅಂತ ಬರ್ಕೊಡ್ತೀಯಾ? ಕೊಡು, ನೋಡ್ಕೊಳ್ಳಲಿ. ಮುಚ್ಚಿಡೋ ಅಂಥದ್ದು ನಮ್ಮನೇಲಿ ಏನಿದೆ?"

ಸಾಕ್ಷಿಗೆ ಬರುವುದು ಬೇಡವೆಂದು ಮಗಳು ಹೇಳಿದಾಗಲೂ ತಾಹಿರಾ ಕೇಳಲಿಲ್ಲ. ಗಂಡ ಹಫೀಜುಲ್ಲಾ ಕೋವಿಡ್ಡಿನಲ್ಲಿ ಹೋಗುವ ತನಕ ಮೈಸೂರು ಬಿಟ್ಟವಳಲ್ಲ. ಸರ್ಕಾರಿ ಶಾಲೆಯಲ್ಲಿ ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿದವಳು. ಇಂಗ್ಲಿಷಿನಲ್ಲಿ ತಡವರಿಸುತ್ತೇನೆ, ಕನ್ನಡದಲ್ಲಾದರೆ ಯಾರ ಮುಂದೆ ಬೇಕಾದರೂ ಮಾತಾಡುತ್ತೇನೆ ಎಂದು ದುಭಾಷಿಯನ್ನು ಅವಳೇ ಕೇಳಿ ಪಡೆದಿದ್ದಳು.

ವಕೀಲ ಥೆರಪಿಸ್ಟ್ ಟಿಪ್ಪಣಿಯ ಒಂದು ಹಾಳೆ ಎತ್ತಿಕೊಂಡ.

"ರೆಬೆಕಾ," ಎಂದಳು ನಿದಾ ಮೆಲ್ಲಗೆ.

ರೆಬೆಕಾ ಆಕ್ಷೇಪ ಹೇಳಿದಳು. ಮೂಲೆಯಲ್ಲಿದ್ದಾಕೆ ಆಕ್ಷೇಪವನ್ನೂ ಟೈಪ್ ಮಾಡಿಕೊಂಡಳು. ಅಷ್ಟೇ, ತಡೆಯಲು ಅಲ್ಲಿ ಜಡ್ಜ್ ಇರಲಿಲ್ಲ. ವಕೀಲ ಓದತೊಡಗಿದ.

ತಾಹಿರಾಗೆ ಅರ್ಧಂಬರ್ಧ ತಿಳಿಯಿತು. ಸಿದ್ದೇಶ್ವರಿ ಕನ್ನಡಕ ಸರಿಮಾಡಿಕೊಂಡಳು. ಹೇಳಿದವರು ಹೇಳಿದ ಹಾಗೆಯೇ ಹೇಳಬೇಕು, ಅದು ಅವಳ ಕೆಲಸದ ಕಟ್ಟಳೆ.

"ನಾನು ಕಾರಲ್ಲಿ ಕೂತಿರ್ತೀನಿ, ಯಾಕಂದ್ರೆ ಒಳಗೆ ಅಮ್ಮ ಇದ್ದಾರೆ," ಎಂದಳು. "ಅಪ್ಪ ಹೋದ್ಮೇಲೆ ಅವರಿಗೆ ನನ್ನ ಬಿಟ್ಟು ಯಾರೂ ಇಲ್ಲ. ಊಟ ಮಾಡದೆ ಕಾಯ್ತಾರೆ. ಬಾಗಿಲು ತೆಗೆದ ತಕ್ಷಣ ನನ್ನ ಮುಖಾನೇ ನೋಡ್ತಾರೆ. ಆಫೀಸಲ್ಲಿ ಎಷ್ಟೇ ಕಷ್ಟ ಆದ್ರೂ ಉಸಿರಾಡ್ಬಹುದು. ಮನೇಲಿ ಅದೂ ಆಗಲ್ಲ."

ದನಿ ಸಿದ್ದೇಶ್ವರಿಯದು, ಏರಿಳಿತವಿರಲಿಲ್ಲ. ಆದರೂ ಮಾತು ನಿದಾಳದೇ ಎಂಬುದರಲ್ಲಿ ತಾಹಿರಾಗೆ ಅನುಮಾನ ಉಳಿಯಲಿಲ್ಲ. ನಿದಾ ಇಷ್ಟೊಂದನ್ನು ಒಟ್ಟಿಗೆ ಅವಳ ಮುಂದೆ ಆಡಿ ವರ್ಷಗಳಾಗಿದ್ದವು.

ವಕೀಲ ಏನೋ ಕೇಳಿದ. "ನಿಮ್ಮ ಮಗಳ ಸಂಕಟಕ್ಕೆ ಕಾರಣ ಕೆಲಸ ಅಲ್ಲ, ಮನೆ ಅಂತ ನಿಮಗೆ ಗೊತ್ತಿತ್ತಾ?" ಎಂದಳು ಸಿದ್ದೇಶ್ವರಿ.

ಸುಳ್ಳು ಎಂದರೆ ಮಗಳನ್ನು ಸುಳ್ಳುಗಾತಿ ಅಂದಂತೆ. ಹೌದು ಎಂದರೆ ಇಷ್ಟು ದಿನ ಓಡಾಡಿದ್ದೆಲ್ಲ ನೀರುಪಾಲು. ತಾಹಿರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಂಗೆ ಗೊತ್ತಿರ್ಲಿಲ್ಲ," ಎಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಮಗಳನ್ನು ಹೇಗಾದರೂ ಉಳಿಸಬೇಕೆನ್ನಿಸಿ, "ಆದ್ರೆ ಕೆಲಸದಲ್ಲೂ ಅವಳಿಗೆ ತುಂಬಾ ಕಷ್ಟ ಕೊಟ್ಟಿದ್ದಾರೆ," ಎಂದಳು.

ಸಿದ್ದೇಶ್ವರಿ ಇಂಗ್ಲಿಷಿನಲ್ಲಿ ಹೇಳಿದಳು. ವಕೀಲ ಒಂದೇ ಪದವನ್ನು ಹಿಡಿದುಕೊಂಡ. "ಕೆಲಸದಲ್ಲೂ ಅಂದ್ರಿ. ಹಾಗಾದ್ರೆ ಮನೆಯಲ್ಲೂ ಅಂತ ಒಪ್ತೀರಾ?"

ಜೀವಮಾನವಿಡೀ ವ್ಯಾಕರಣ ಕಲಿಸಿದವಳು. ಒಂದು ದೀರ್ಘ ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಂಪ್ಯೂಟರಿನ ಕೀಲಿಗಳ ಸದ್ದು ನಿಂತು, ಎಲ್ಲರೂ ಅವಳ ಉತ್ತರಕ್ಕೆ ಕಾದರು.

"ಹೂಂ," ಎಂದಳು.

ಮುಗಿದ ಮೇಲೆ ಲಿಫ್ಟಿನ ಹತ್ತಿರ ಸಿದ್ದೇಶ್ವರಿ, "ಬರ್ತೀನಿ ಆಂಟಿ," ಎಂದಳು. ಬೆಳಗಿನಿಂದ ಅವಳು ತನ್ನದೆಂದು ಆಡಿದ ಮಾತು ಅದೊಂದೇ.

ಮಾರಿಸ್‌ವಿಲ್ಲಿನ ಮನೆಗೆ ವಾಪಸ್ಸಾಗುವಾಗ ಕಾರು ಓಡಿಸುತ್ತಿದ್ದ ನಿದಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೋವಿನ ಭಾಗ ಡ್ರಾಪ್ ಮಾಡೋದೇ ಒಳ್ಳೇದು ಅಂತಾರೆ ರೆಬೆಕಾ. ಇನ್ಮೇಲೆ ಅದು ಕೋರ್ಟಲ್ಲಿ ನಿಲ್ಲಲ್ಲ. ಉಳಿದದ್ದು ಕಂಟಿನ್ಯೂ ಮಾಡ್ಬಹುದಂತೆ."

"ಮತ್ತೆ ನೀನು ಹೇಳಿದ್ದೆಲ್ಲ?"

"ಸೀಲ್ ಮಾಡ್ತಾರೆ. ಯಾರೂ ನೋಡಲ್ಲ."

ತಾಹಿರಾ ಪಕ್ಕದ ಕಿಟಕಿಯತ್ತ ತಿರುಗಿದಳು.

"ಅಮ್ಮೀ, ಅದು ಆವಾಗ ಹೇಳಿದ್ದು. ಅಲ್ಲಿ ಏನೇನೋ ಹೇಳ್ತೀವಿ."

"ಹೇಳೋಕೇ ಅಲ್ವಾ ಅಲ್ಲಿಗೆ ಹೋಗೋದು," ಎಂದಳು ತಾಹಿರಾ. ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಮಾತಾಡುವುದು ಸುಲಭವಾಗುತ್ತಿತ್ತೇನೋ.

ಮನೆ ಸೇರಿದಾಗ ಮುಸ್ಸಂಜೆ, ಮಗ್ರಿಬ್ ಹೊತ್ತು. ತಲೆನೋಯ್ತಿದೆ, ಸಾರು ಬಿಸಿ ಮಾಡ್ಕೊ ಎಂದು ಹೇಳಿ ತಾಹಿರಾ ಮಹಡಿ ಹತ್ತಿದಳು. ನಮಾಜ್ ಮುಗಿಸಿ ಮಂಚದ ತುದಿಯಲ್ಲಿ ಕೂತಳು. ಕೆಳಗೆ ಮೈಕ್ರೋವೇವ್ ಕೂಗಿತು. ಕುರ್ಚಿ ಎಳೆದ ಸದ್ದು. ಆಮೇಲೆ, ತಟ್ಟೆಗೆ ಚಮಚ ತಾಗುವುದು, ನಿಧಾನವಾಗಿ. ನಡುವೆ ಮೆಟ್ಟಿಲ ಬುಡದ ತನಕ ಹೆಜ್ಜೆ ಬಂದ ಹಾಗಾಯಿತು. ನಿಂತಿತು. ಹಿಂದಕ್ಕೆ ಹೋಯಿತು. ಸಿಂಕಿನಲ್ಲಿ ನೀರು ಬಿಟ್ಟ ಸದ್ದು.

ತಾಹಿರಾಗೆ ಬಾಯಾರಿತ್ತು. ಬೆಳಗಿನಿಂದ ಮಾತಾಡಿ ಗಂಟಲು ಒಣಗಿತ್ತು. ಕೆಳಗಿನ ದೀಪ ಆರಲಿ, ಆಮೇಲೆ ಇಳಿದರಾಯಿತು ಎಂದು ಬಾಗಿಲ ಸಂದಿಯನ್ನು ನೋಡುತ್ತಾ ಕೂತಳು.