ಬೆರಳಿಗೆ ಜಾಗ

ಸೀತು ಅಕ್ಷರ ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ, ಕಿರಿಮಂಜೇಶ್ವರದಲ್ಲಿ ಆಗ ನಡೆಯುತ್ತಿದ್ದ ರಾತ್ರಿ ತರಗತಿಯಲ್ಲಿ. ಮೀನು ಮಾರಿ ಬಂದು, ಕೈಯ ವಾಸನೆ ಹೋಗುವ ತನಕ ಹುಣಸೆಹುಳಿ ಹಾಕಿ ಉಜ್ಜಿ ತೊಳೆದು, ಸ್ಲೇಟು ಹಿಡಿದು ಹೊರಡುವಳು. ಬಲೆ ಸರಿ ಮಾಡುತ್ತ ಜಗಲಿಯಲ್ಲಿ ಕೂತ ಗಂಡ ಐತ, ಈ ಪ್ರಾಯದಲ್ಲಿ ಕಲಿತರೆ ಯಾವ ಆಫೀಸಿನಲ್ಲಿ ಕುರ್ಚಿ ಇಟ್ಟು ಕಾಯುತ್ತಿದ್ದಾರೋ ಎಂದು ದಿನಾ ಒಂದು ಸಲ ಕೇಳುವನು. ಅವಳು ಸ್ಲೇಟನ್ನು ಸೆರಗಿನಲ್ಲಿ ಒರೆಸಿಕೊಂಡು ಮೆಟ್ಟಿಲು ಇಳಿಯುವಳು.

ಅಲ್ಲಿ ಕಲಿಸುತ್ತಿದ್ದ ವಿನಯಾ ಟೀಚರ್ ಮೊದಲ ದಿನವೇ ಹೇಳಿಕೊಟ್ಟ ಪಾಠ ಒಂದೇ: ಬೆರಳನ್ನು ಅಕ್ಷರದ ಅಡಿಗೆ ಇಟ್ಟು ನಡೆಸಬೇಕು, ಬೆರಳು ಎತ್ತಿದರೆ ಸಾಲು ತಪ್ಪುತ್ತದೆ. ಸೀತು ಅದನ್ನು ಇಪ್ಪತ್ತಾರು ವರ್ಷ ಬಿಡಲಿಲ್ಲ. ಮದುವೆ ಕಾಗದವಾಗಲಿ, ಔಷಧಿಯ ಬಾಟ್ಲಿಯಾಗಲಿ, ಬೆರಳು ಮುಂದೆ, ಬಾಯಿ ಹಿಂದೆ. ಹೆದ್ದಾರಿ ಬದಿಯಲ್ಲಿ ನಿಂತು ಬರುವ ಬಸ್ಸಿನ ಬೋರ್ಡು ಓದುವಾಗಲೂ ಬೆರಳು ತಾನಾಗಿ ಗಾಳಿಯಲ್ಲಿ ಏಳುತ್ತಿತ್ತು. ಕೈ ತೋರಿಸಿದರೆಂದು ಡ್ರೈವರು ಬಸ್ಸು ನಿಲ್ಲಿಸಿಬಿಡುವನು. ಭಟ್ಕಳದ ಬಸ್ಸನ್ನು ಹೀಗೆ ಎಷ್ಟು ಸಲ ಸುಮ್ಮನೆ ನಿಲ್ಲಿಸಿದ್ದಳೋ.

ಇಷ್ಟು ಕಲಿತರೂ ಒಂದು ಆಸೆ ಬಾಕಿ ಉಳಿದಿತ್ತು. ಐತನಿಗೆ ಅಕ್ಷರ ಬಾರದು. ಆದರೆ ಅವನು ಒಂದು ದಿನವೂ, ಇದನ್ನೊಂದು ಓದಿ ಹೇಳು ಎಂದು ಅವಳನ್ನು ಕೇಳಿದವನಲ್ಲ. ಲೋಕದ ಸುದ್ದಿಯೆಲ್ಲ ಟೀವಿಯಲ್ಲಿ ಬರುತ್ತದೆ, ಊರಿನ ಸುದ್ದಿ ಕಡಲ ದಡದಲ್ಲಿ ಸಿಗುತ್ತದೆ, ಓದಿಸಿಕೊಳ್ಳುವುದಕ್ಕೆ ಉಳಿದದ್ದೇನು ಎನ್ನುವ ಜಾತಿ.

ಹಾಗಿದ್ದವನು ಕೇಳುವ ದಿನ ಬಂತು. ಅದಕ್ಕೆ ಕಾರಣ ಸೀತುವಿನ ತಮ್ಮ ಸುಧಾಕರ. ಅವನು ದೋಣಿಗೆ ಹೆಸರು ಬರೆಯುವವನು. ಮರವಂತೆಯಿಂದ ಶಿರೂರಿನವರೆಗೆ ಮೂವತ್ತೈದು ವರ್ಷ ಬ್ರಷ್ಷು ಹಿಡಿದು ಓಡಾಡಿದವನು. ಮೆಲ್ಲಮೆಲ್ಲನೆ ಅಂಟಿಸುವ ಸ್ಟಿಕ್ಕರು ಬಂತು, ಬ್ರಷ್ಷು ಒಣಗಿತು. ಸುಮ್ಮನೆ ಕೂರುವ ಮನುಷ್ಯ ಅಲ್ಲವಲ್ಲ, ತಾನು ಬರೆದ ಒಂದೊಂದು ದೋಣಿಯ ಕಥೆಯನ್ನು ಬ್ಲಾಗಿನಲ್ಲಿ ಬರೆಯಲು ಸುರುಮಾಡಿದ. ಕುಂದಾಪುರದಲ್ಲಿ ಫ್ಲೆಕ್ಸು, ಝೆರಾಕ್ಸಿನ ಅಂಗಡಿ ಇಟ್ಟ ಅಶೋಕ್ ಅದನ್ನು ಕಟ್ಟಿಕೊಟ್ಟಿದ್ದ. ಬ್ಲಾಗಿನ ಹೆಸರು ‘ದೋಣಿ ಹೆಸರು’. ಒಂದು ಭಾನುವಾರ ಸುಧಾಕರ ಫೋನು ಮಾಡಿ, ಭಾವನ ದೋಣಿಯದ್ದು ಬರೆದು ಹಾಕಿದ್ದೇನೆ, ಓದು ಎಂದ.

ಭಾವನ ದೋಣಿ ಎಂದರೆ ಐತನ ‘ಮಾಸ್ತಿಯಮ್ಮ ಪ್ರಸಾದ’. ಅದನ್ನು ಮಾರಿ ಆರು ವರ್ಷವಾದರೂ ಅದರ ಮಾತು ಮನೆಯಲ್ಲಿ ನಿಂತಿರಲಿಲ್ಲ. ಅದರ ಮೂತಿಯ ಮೇಲೆ, ಹೆಸರಿನ ಪಕ್ಕ, ಐದು ಎಸಳಿನ ಕೆಂಪು ಹೂವೊಂದಿತ್ತು. ಇಡೀ ದಡದಲ್ಲಿ ಬೇರೆ ಯಾವ ದೋಣಿಗೂ ಹೂವಿರಲಿಲ್ಲ. ಅದು ಸೀತುವಿಗೆಂದೇ ಹೇಳಿ ಬರೆಸಿದ್ದು ಎಂದು ಐತ ಮೂವತ್ತೆಂಟು ವರ್ಷದಿಂದ ಮದುವೆ ಊಟದ ಪಂಕ್ತಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಸೀತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಸಾಕು ಮಾಡಿ ಎನ್ನುವಳು. ಒಳಗೆ ಖುಷಿಯೇ.

ಫೋನು ಇಟ್ಟ ಕೂಡಲೇ ಐತ ಬಲೆಯಿಂದ ತಲೆ ಎತ್ತಿದ. “ಎಂತ ಬರ್ದಿದ್ದ? ಓದ್ ಕಾಂಬ” ಎಂದ. ಮದುವೆಯಾದ ಮೇಲೆ ಆ ಬಾಯಿಯಿಂದ ಬಂದ ಮೊದಲ ‘ಓದು’ ಅದು. ಬೈಸಾರಿ, ದೀಪ ಹಚ್ಚಿದ ಮೇಲೆ ಓದಿ ಹೇಳುತ್ತೇನೆ, ಕೆಲಸ ಇದೆ ಎಂದು ಸೀತು ಗತ್ತಿನಲ್ಲೇ ಒಳಗೆ ಹೋದಳು. ಹೋಗಿ ಮೊಬೈಲಿನಲ್ಲಿ ಬ್ಲಾಗು ತೆರೆದಳು.

ನಾಲ್ಕು ಮೂಲೆಯಲ್ಲಿ ಗುಲಾಬಿ. ನಡುವೆ ಮಿಣಮಿಣ ಉರಿಯುವ ದೀಪ. ನೇರಳೆ ಬಣ್ಣದ ಮೇಲೆ ಹಳದಿ ಅಕ್ಷರ, ಅದಕ್ಕೆ ಕೆಂಪು ಅಂಚು, ಅಂಚಿಗೆ ನೆರಳು. ಮದುವೆಯ ಫ್ಲೆಕ್ಸನ್ನು ಬಿಸಿಲಿಗೆ ಹಾಕಿ ಕುಗ್ಗಿಸಿದ ಹಾಗೆ. ಅಕ್ಷರದ ಅಡಿಗೆ ಬೆರಳಿಟ್ಟಳು, ಪುಟ ಸರ್ರನೆ ಮೇಲೆ ಓಡಿತು. ಓಡದ ಹಾಗೆ ಒತ್ತಿ ಹಿಡಿದಳು, ಅಕ್ಷರಗಳೆಲ್ಲ ನೀಲಿಯಾಗಿ, ನಕಲು ಮಾಡಬೇಕೇ ಯಾರಿಗಾದರೂ ಕಳಿಸಬೇಕೇ ಎಂದು ಕೇಳಿದವು. ಮೂರನೆಯ ಸಲ ಬದಿಯಲ್ಲಿದ್ದ ಏನಕ್ಕೋ ಬೆರಳು ತಾಗಿ, ಒಬ್ಬಳು ಹುಡುಗಿ ಬಂದು ತಲೆಗೂದಲು ಬೀಸಿ ಎಣ್ಣೆಯ ಬಗ್ಗೆ ಮಾತಾಡತೊಡಗಿದಳು.

ಮೂರು ದಿನ ಹೀಗೇ ಆಯಿತು. ಪಕ್ಕದ ಮನೆಯ ಚಂದನಾ ಕ್ಷಣದಲ್ಲಿ ಓದಿ ಹೇಳುತ್ತಿದ್ದಳು, ಆದರೆ ಕೇಳಲು ಸೀತುವಿಗೆ ಮನಸ್ಸಿಲ್ಲ. ಕಣ್ಣಿಗೆ ಧೂಳು ಬಿದ್ದಿದೆ ಎಂದಳು, ಮೊಬೈಲಿಗೆ ಚಾರ್ಜಿಲ್ಲ ಎಂದಳು. ನಾಲ್ಕನೆಯ ದಿನ ಐತ ಬಲೆಯ ಗಂಟು ಬಿಗಿಯುತ್ತ, “ನೀ ಕಲ್ತದ್ ಬಸ್ಸಿನ ಬೋರ್ಡಿಗೆ ಮಾತ್ರವಾ?” ಎಂದ. ತಮಾಷೆಗೆ ಅಂದದ್ದೇ. ಆದರೂ ಆವತ್ತು ಅವಳಿಗೆ ಊಟ ಸೇರಲಿಲ್ಲ.

ಮರುದಿನ ಸುಧಾಕರ ಮನೆಗೆ ಬಂದ. ಐತ ದಡಕ್ಕೆ ಹೋಗಿದ್ದ. ಓದಿದೆಯಾ ಎಂದು ತಮ್ಮ ಕೇಳಿದ್ದಕ್ಕೆ ಸೀತು ಒಳ್ಳೆಯದುಂಟು ಎಂದಳು. ಹೂವಿನ ಸಂಗತಿ ಎಂದು ಅವನು ಮೆಲ್ಲಗೆ ಎತ್ತಿದ. ಹೂವು ಚಂದ ಉಂಟು ಎಂದಳು. ಅಷ್ಟೇಯಾ ಎಂದು ಅವನು ಮುಖ ನೋಡಿದ. ಹೂವಿನ ಸಂಗತಿ ಓದಿದ ಅಕ್ಕ ಒಂದೋ ನಗಬೇಕಿತ್ತು, ಇಲ್ಲ ಬೈಯಬೇಕಿತ್ತು. ಮೊಬೈಲು ಅವಳ ಕೈಗೆ ಕೊಟ್ಟು, ತನ್ನೆದುರು ಒಂದು ಸಾಲು ಓದಲು ಹೇಳಿದ.

ಬೆರಳು ಇಟ್ಟಳು. ಪುಟ ಓಡಿತು. ಒತ್ತಿದಳು, ನೀಲಿಯಾಯಿತು. ಸುಧಾಕರ ಮೊಬೈಲು ನೋಡುತ್ತಲೇ ಇರಲಿಲ್ಲ, ಅವಳ ಬೆರಳನ್ನು ನೋಡುತ್ತಿದ್ದ. ಹೊಸ ಹಲಗೆಯ ಮೇಲೆ ಹೆಸರು ಎಲ್ಲಿ ಕೂರುತ್ತದೆ ಎಂದು ನೋಡುವಾಗ ಅವನ ಕಣ್ಣು ಹೀಗೆಯೇ ಸಣ್ಣದಾಗುತ್ತಿತ್ತು.

“ನಿನ್ ತಪ್ಪಲ್ಲ ಅಕ್ಕ. ನಾನೇ ನಿನ್ ಬೆರಳಿಗೆ ಜಾಗ ಬಿಡ್ಲಿಲ್ಲೆ” ಎಂದ. ಮತ್ತೆ, ಈಗ ಬೇಕಾದರೆ ತಾನೇ ಓದಿ ಹೇಳುತ್ತೇನೆ, ಭಾವನೂ ಬರಲಿ ಎಂದ.

“ಬ್ಯಾಡ. ಅವ್ರಿಗೆ ನಾನೇ ಓದಿ ಹೇಳ್ಕ್.”

ಸುಧಾಕರ ಎದ್ದು ನಿಂತ. ಚಪ್ಪಲಿ ಹಾಕಿಕೊ ಎಂದ. ಇಬ್ಬರೂ ಕುಂದಾಪುರದ ಬಸ್ಸು ಹತ್ತಿದರು.

ಅಂಗಡಿಯಲ್ಲಿ ಅಶೋಕನಿಗೆ ಗುಲಾಬಿ ತೆಗೆ ಎಂದಾಗ ಯಾರೋ ಅವನ ತೋಟಕ್ಕೆ ದನ ಬಿಟ್ಟ ಹಾಗಾಯಿತು. ದೀಪ ಹೋಯಿತು, ನೆರಳು ಹೋಯಿತು, ಬದಿಯ ಪಟ್ಟಿ, ಎಣ್ಣೆಯ ಹುಡುಗಿ ಎಲ್ಲ ಹೋದರು. ಸುಧಾಕರ ದೋಣಿಗೆ ಬಳಿಯುತ್ತಿದ್ದ ತೆಳು ಕೆನೆಬಣ್ಣವನ್ನು ಹುಡುಕಿಸಿ ಹಿನ್ನೆಲೆಗೆ ಹಾಕಿಸಿದ, ಅದರ ಮೇಲೆ ಕಡುನೀಲಿ ಅಕ್ಷರ. ಅಶೋಕ್ ಪರದೆ ನೋಡಿ ನಿಟ್ಟುಸಿರು ಬಿಟ್ಟ. “ಸುಧಾಕರಣ್ಣ, ಇಷ್ಟ್ ಖಾಲಿ ಬಿಟ್ರೆ ಕಂಡವ್ರ್ ಎಂತ ಹೇಳ್ತ್ರ್? ಅಶೋಕ ಅರ್ಧ ಕೆಲ್ಸ ಮಾಡಿ ಓಡ್ದ ಅಂಬ್ರ್.”

“ಹೆಸ್ರ್ ಕಾಂಬುದ್ ಬಣ್ಣದಿಂದಲ್ಲ ಮಾರಾಯ, ಸುತ್ತ ಬಿಟ್ಟ ಜಾಗದಿಂದ” ಎಂದ ಸುಧಾಕರ.

ಅಲ್ಲಿಯವರೆಗೆ ಸರಿಯೇ ಇತ್ತು. ಆಮೇಲೆ ಅವನಿಗೆ ಹಳೆಯ ಚಾಳಿ ಬಂತು. ದೋಣಿಗೆ ಹೆಸರು ಬರೆದ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡುವುದು ಅವನ ಕ್ರಮ. ಮೊಬೈಲನ್ನು ಕೌಂಟರಿನ ಮೇಲೆ ಅಂಟಿನ ಬಾಟ್ಲಿಗೆ ಒರಗಿಸಿ, ಹಿಮ್ಮುಖವಾಗಿ ನಡೆಯುತ್ತ ಅಂಗಡಿ ದಾಟಿ, ಚರಂಡಿಯ ಕಲ್ಲು ದಾಟಿ, ರಸ್ತೆಯ ಆಚೆಗೇ ಹೋದ. ಒಬ್ಬ ಆಟೋದವನು ಬೈದು ಹೋದ. ಆಚೆಯಿಂದಲೇ ಸುಧಾಕರ ಕೈ ಮೇಲೆತ್ತಿ, ಇನ್ನೂ ದೊಡ್ಡದು, ಇನ್ನೂ ದೊಡ್ಡದು ಎಂದು ಸನ್ನೆ ಮಾಡಿದ. ಅಶೋಕ್ ದೊಡ್ಡದು ಮಾಡುತ್ತ ಹೋದ. ಕಡೆಗೆ ಪರದೆಯ ತುಂಬ ‘ಮಾಸ್ತಿ’ ಎಂದು ಮಾತ್ರ ಉಳಿಯಿತು. ಅಮ್ಮನಿಗೂ ಪ್ರಸಾದಕ್ಕೂ ಜಾಗವಿಲ್ಲ.

ಸ್ಟೂಲಿನ ಮೇಲೆ ಕೂತ ಸೀತುವಿಗೆ ಐದು ದಿನದಲ್ಲಿ ಮೊದಲ ಸಲ ನಗು ಬಂತು. “ಇದ್ ದೋಣಿ ಅಲ್ಲ ಸುಧಾಕರ. ನಾನ್ ಮರಳಂಗೆ ನಿಂತ್ ಓದುದಲ್ಲ, ತೊಡೆ ಮೇಲೆ ಇಟ್ಕಂಡ್ ಓದುದ್” ಎಂದಳು.

ಹಾಗಾಗಿ ಕಡೆಯ ಅಳತೆ ಅವಳದ್ದೇ ಆಯಿತು. ಅವಳ ಬೆರಳನ್ನು ಪರದೆಯ ಮೇಲೆ ಇಡಿಸಿ, ಎರಡು ಸಾಲಿನ ನಡುವೆ ಅಷ್ಟು ಜಾಗ ಬಿಟ್ಟರು. ಒತ್ತಿ ಹಿಡಿದರೂ ನೀಲಿಯಾಗದ ಹಾಗೆ ಅಶೋಕ್ ಏನೋ ಬರೆದು ಸೇರಿಸಿದ. ಪುಟ ಓಡಲೇಬಾರದೆಂದು ಒಂದು ಪುಟಕ್ಕೆ ಆರೇ ಸಾಲು ಇಟ್ಟರು. ಕೆಳಗೆ ಸುಧಾಕರ ಕೈಯಲ್ಲೇ ಬರೆದ ಒಂದು ಸಣ್ಣ ದೋಣಿಯ ಚಿತ್ರ. ಅದನ್ನು ಮುಟ್ಟಿದರೆ ಮುಂದಿನ ಪುಟ. ಅಷ್ಟಾಗುವಾಗ ಅಶೋಕನಿಗೂ ಹುರುಪು ಬಂದು, ಚಹಾ ತರಿಸಿದ. ಗುಲಾಬಿಗಿಂತ ಇದೇ ತಂಪುಂಟು ಎಂದು ಒಪ್ಪಿಕೊಂಡ, ಮೂಲೆಯಲ್ಲಿ ಒಂದೇ ಒಂದು ಇರಲಿ ಎಂದೂ ಕೇಳಿ ನೋಡಿದ.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಐತ ಜಗಲಿಯಲ್ಲಿ ಬಲೆ ಹರಡಿಕೊಂಡಿದ್ದ. ಸೀತು ಅವನ ಎದುರು ಕಾಲು ಚಾಚಿ ಕೂತು, ಮೊಬೈಲನ್ನು ತೊಡೆಯ ಮೇಲಿಟ್ಟು ಓದಲು ಸುರುಮಾಡಿದಳು. ಬೆರಳು ನಡೆಯಿತು. ಪುಟ ಕದಲಲಿಲ್ಲ. ದೋಣಿಗೆ ಮರ ತಂದದ್ದು, ಬಣ್ಣ ಕಲಸಿದ್ದು, ಮೊದಲ ಅಕ್ಷರ ಬರೆದದ್ದು ಎಲ್ಲ ಒಂದೊಂದೇ ಸಾಲಾಗಿ ಬಂತು. ಐತ ಅಲ್ಲಲ್ಲಿ ಹೌದು, ಹೌದು ಎನ್ನುತ್ತಿದ್ದ. ನಾಲ್ಕನೆಯ ಪುಟದ ಕಡೆಯ ಸಾಲಿಗೆ ಬೆರಳು ಬಂತು.

“ಆ ಹೂವನ್ನು ಬರೆಯಲು ನನಗೆ ಯಾರೂ ಹೇಳಿರಲಿಲ್ಲ. ಅದು ನನ್ನ ಬ್ರಷ್ಷಿನಿಂದ ಬಿದ್ದ ಬಣ್ಣದ ಹನಿ.”

ಬಲೆಯ ಸೂಜಿ ನಿಂತಿತು. ಸಾಲಿನ ಕೆಳಗೆ ಕೆನೆಬಣ್ಣದ ಖಾಲಿ ಜಾಗ, ಅದರ ಕೆಳಗೆ ಸಣ್ಣ ದೋಣಿ. ಸೀತು ತಲೆ ಎತ್ತಿದಳು. ಐತ ಬಲೆಯಲ್ಲಿ ಇಲ್ಲದ ತೂತು ಹುಡುಕುತ್ತಿದ್ದ.

“ಸಾಕ್ ಸೀತು. ಕಣ್ಣ್ ನೋವಾತ್ ನಿಂಗೆ” ಎಂದ.

ಅವಳ ಬೆರಳು ಆ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ಕೂತಿತು. ಮೂವತ್ತೆಂಟು ವರ್ಷದ ಹೂವು. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಓದುತ್ತೇನೆ ಎಂದು ಹೊರಟವಳು ಅವಳೇ. ದೋಣಿಯನ್ನು ಮುಟ್ಟಿದಳು.

“ನಾನು ಅದನ್ನು ಹೆರೆದು ತೆಗೆಯಲು ಹೊರಟೆ. ಭಾವ ಕೈ ಹಿಡಿದರು. ಬಿಡು, ನಿನ್ನ ಅಕ್ಕನಿಗೆ ಅಕ್ಷರ ಬಾರದು. ದಡದಲ್ಲಿ ನಿಂತು ಕಾಯುವಾಗ ಹತ್ತು ದೋಣಿಯಲ್ಲಿ ನಮ್ಮದು ಯಾವುದೆಂದು ದೂರದಿಂದಲೇ ಅವಳಿಗೆ ಗೊತ್ತಾಗಲಿ ಅಂದರು. ನಾನು ಆ ಹನಿಗೆ ಐದು ಎಸಳು ಬರೆದೆ.”

ಸೀತು ಬೆರಳು ಎತ್ತಲಿಲ್ಲ. ಎತ್ತಿದರೆ ಸಾಲು ತಪ್ಪುತ್ತದಲ್ಲ. ಎಷ್ಟೋ ಸಂಜೆ ಮರಳಿನಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಆ ಕೆಂಪು ಚುಕ್ಕಿ ಕಂಡ ಕೂಡಲೇ ಬುಟ್ಟಿ ಎತ್ತಿಕೊಂಡು ನೀರಿಗೆ ಇಳಿದದ್ದು ನೆನಪಾಯಿತು. ಮೂಗು ಒರೆಸಿಕೊಂಡು, ಜೋರಾಗಿಯೇ ಅಂದಳು:

“ಹೇಳಿ ಬರ್ಸಿದ್ದ್ ಅಂತ ಊರಿಡೀ ಸುಳ್ಳ್ ಹೇಳಿದ್ರಿ.”

“ಅರ್ಧ ಸುಳ್ಳ್” ಎಂದ ಐತ, ತಲೆ ಬಗ್ಗಿಸಿಯೇ. “ಇನ್ನರ್ಧ ಸತ್ಯ ಅಂದೇಳಿ ಈಗ ಓದ್ದದ್ ನೀನೇ ಅಲ್ದಾ?”

ಸೀತುವಿಗೆ ತಡೆಯಲಾಗದಷ್ಟು ನಗು ಬಂತು. ನಕ್ಕು ನಕ್ಕು ಮೊಬೈಲು ತೊಡೆಯಿಂದ ಜಾರಿತು. ಐತ ಅದನ್ನು ಹೆಕ್ಕಿ, ಸೆಕೆಗೆ ಬೆವರಿದ ಕೈಯನ್ನು ಲುಂಗಿಗೆ ಒರೆಸಿ, ಪರದೆಯನ್ನೂ ಒರೆಸಿ, ಅವಳ ಮುಂದೆ ನೆಟ್ಟಗೆ ಇಟ್ಟ. ಬಲೆಯನ್ನು ಪಕ್ಕಕ್ಕೆ ಸರಿಸಿ ಹತ್ತಿರ ಬಂದು ಕೂತ.

“ಮೊದ್ಲಿಂದ ಓದ್” ಎಂದ.